ಐಸ್ ಬಾತ್‌ಗೆ ಇಳಿಯುವ ಮುನ್ನ, ಮ್ಯಾಟ್ ಮೇಲೆ ಬೀಳುವ ಮುನ್ನ: ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ಬೇಸಿಗೆ ಶಿಬಿರಗಳು ಶುರುವಾದವೆಂದರೆ ನಮಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರತೊಡಗುತ್ತವೆ. ಒಂದರಲ್ಲಿ ಕಟ್ಟುಮಸ್ತಾದ ಯುವಕನೊಬ್ಬ ನೀಲಿ ಡ್ರಮ್ಮಿನ ತುಂಬ ಐಸ್ ಸುರಿದುಕೊಂಡು ಕುತ್ತಿಗೆವರೆಗೆ ಕೂತಿರುತ್ತಾನೆ. 'ದಿನಾ ಹತ್ತು ನಿಮಿಷ ಹೀಗೆ ಕೂತರೆ ಮೈಕೈ ನೋವು, ಬೊಜ್ಜು, ಟೆನ್ಷನ್ ಎಲ್ಲ ಮಾಯ' ಎಂಬ ಬರಹ ಜೊತೆಗಿರುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ: 'ಬಿಸಿಲಲ್ಲಿ ಬಳಲಿ ಬಂದವರಿಗೆ ತಣ್ಣೀರು ತಾಗಿಸಲೇಬೇಡಿ, ರಕ್ತನಾಳ ಒಡೆದು ಪ್ರಾಣ ಹೋಗುತ್ತದೆ.' ಎಷ್ಟೋ ಸಲ ಎರಡನ್ನೂ ಒಂದೇ ಗ್ರೂಪಿನಲ್ಲಿ, ಒಂದೇ ವಾರದಲ್ಲಿ, ಒಬ್ಬರೇ ಹಂಚಿಕೊಂಡಿರುತ್ತಾರೆ.

ಮೊದಲನೆಯದು ಅರ್ಧ ಸುಳ್ಳು. ಎರಡನೆಯದನ್ನು ನಂಬಿದರೆ ಮೈದಾನದಲ್ಲಿ ಕುಸಿದುಬಿದ್ದ ಹುಡುಗನ ಜೀವ ಹೋಗಬಹುದು. ಇವೆರಡರ ಜೊತೆ ಪ್ರತಿ ಶಿಬಿರದಲ್ಲೂ ಕಿವಿಗೆ ಬೀಳುವ ಮೂರನೇ ಮಾತೊಂದಿದೆ: 'ಕೆಳಗೆ ಮ್ಯಾಟ್ ಇದೆಯಲ್ಲ, ಏನೂ ಆಗಲ್ಲ ಬಿಡು.' ಆಟಗಾರರ ದಿನ ಶುರುವಾಗುವುದು ಮ್ಯಾಟ್ ಮೇಲೆಯೇ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಮ್ಯಾಟ್ ಇದ್ದರೆ ಏನೂ ಆಗುವುದಿಲ್ಲವೇ?

ಮ್ಯಾಟ್ ಮಾಡುವ ಕೆಲಸ ಒಂದೇ. ಬಿದ್ದ ದೇಹ ಪೂರ್ತಿ ನಿಲ್ಲಲು ತೆಗೆದುಕೊಳ್ಳುವ ಸಮಯವನ್ನು ಅದು ತುಸು ಹಿಗ್ಗಿಸುತ್ತದೆ. ಸಿಮೆಂಟ್ ನೆಲದ ಮೇಲೆ ಬಿದ್ದ ಮೊಣಕೈ ತಟ್ಟನೆ ನಿಂತುಬಿಡುತ್ತದೆ, ಫೋಮ್ ಮೇಲೆ ಬಿದ್ದದ್ದು ಒಂದಿಷ್ಟು ಒಳಗಿಳಿದು ನಿಲ್ಲುತ್ತದೆ. ಅಷ್ಟರಲ್ಲೇ ಪೆಟ್ಟಿನ ಬಲ ಬಹಳ ಇಳಿಯುತ್ತದೆ. ಕಬಡ್ಡಿಯಲ್ಲಿ ರೇಡರ್ ಮೇಲೆ ನಾಲ್ಕು ಜನ ಬಿದ್ದಾಗ, ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದಾಗ, ಜೂಡೋದಲ್ಲಿ ಎತ್ತಿ ಹಾಕಿದಾಗ ಇದು ನಿಜಕ್ಕೂ ಕಾಪಾಡುತ್ತದೆ.

ಆದರೆ ಎಲ್ಲ ಮ್ಯಾಟ್ ಒಂದೇ ಅಲ್ಲ. ಯೋಗ ಮ್ಯಾಟ್ ನಾಲ್ಕೈದು ಮಿಲಿಮೀಟರ್ ದಪ್ಪ ಇರುತ್ತದೆ. ಅದು ಕೈಕಾಲು ಜಾರದಿರಲಿ ಎಂದು ಮಾಡಿದ್ದು, ಬೀಳುವುದಕ್ಕಲ್ಲ. ಒಂದಕ್ಕೊಂದು ಸಿಕ್ಕಿಸುವ ಪಜಲ್ ಮಾದರಿಯ ಮ್ಯಾಟ್‌ಗಳು ಎರಡರಿಂದ ನಾಲ್ಕು ಸೆಂಟಿಮೀಟರ್, ಕುಸ್ತಿಯವು ಸುಮಾರು 6 ಸೆಂಟಿಮೀಟರ್. ಜಿಮ್ನಾಸ್ಟಿಕ್ಸ್‌ನಲ್ಲಿ ಎತ್ತರದಿಂದ ನೆಗೆದು ಇಳಿಯುವ ಜಾಗಕ್ಕೆ 20 ಸೆಂಟಿಮೀಟರ್ ದಪ್ಪದ ಮ್ಯಾಟ್ ಹಾಕುತ್ತಾರೆ. ಕರಾಟೆ ಕ್ಲಾಸಿನ ಪಜಲ್ ಮ್ಯಾಟ್ ಮೇಲೆ ಬ್ಯಾಕ್‌ಫ್ಲಿಪ್ ರೀಲ್ಸ್ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ದಪ್ಪ ಎಷ್ಟೇ ಇದ್ದರೂ ಕುತ್ತಿಗೆಯ ವಿಷಯದಲ್ಲಿ ಮ್ಯಾಟನ್ನು ನಂಬುವಂತಿಲ್ಲ. ತಲೆ ಕೆಳಗಾಗಿ ಬಿದ್ದಾಗ ನೆಲಕ್ಕೆ ತಾಗಿದ ತಲೆ ನಿಂತುಬಿಡುತ್ತದೆ, ಹಿಂದಿನಿಂದ ಇಡೀ ಮೈಭಾರ ಬಂದು ಕುತ್ತಿಗೆಯ ಮೇಲೆ ಕೂರುತ್ತದೆ. ತೀರಾ ಮೆತ್ತಗಿನ ಫೋಮ್ ಆದರೆ ತಲೆ ಅದರೊಳಗೆ ಹೂತುಕೊಂಡು ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳುವ ಅವಕಾಶವೂ ಇರುವುದಿಲ್ಲ. ಬ್ಯಾಕ್‌ಫ್ಲಿಪ್ ಕಲಿಯಬೇಕೆಂದರೆ ಸೊಂಟಕ್ಕೆ ಕೈಕೊಟ್ಟು ಹಿಡಿಯಬಲ್ಲ ಕೋಚ್ ಬೇಕೇ ಬೇಕು. ಯೂಟ್ಯೂಬ್ ನೋಡಿಕೊಂಡು, ಗೆಳೆಯನ ಕೈಲಿ ಮೊಬೈಲ್ ಕೊಟ್ಟು ಕಲಿಯುವ ವಿದ್ಯೆ ಅಲ್ಲ ಅದು.

ಇನ್ನು ಹಾಸುವ ರೀತಿ. ಗುಂಡಿ, ಕಲ್ಲು ಇರುವ ಶಾಲಾ ಮೈದಾನದ ಮೇಲೆ ನೇರವಾಗಿ ಮ್ಯಾಟ್ ಹಾಸಿದರೆ ಮೇಲೆ ಸಮ ಕಂಡರೂ ಕೆಳಗಿನ ಗುಂಡಿ ಕಾಲನ್ನು ಉಳುಕಿಸುತ್ತದೆ. ಎರಡು ಮ್ಯಾಟ್‌ಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರೆ ಕಾಲ್ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಪ್ಪ ಸಾಲದೆಂದು ಒಂದರ ಮೇಲೊಂದು ಹಾಸಿದರೆ ಮೇಲಿನದು ಜಾರುತ್ತದೆ. ಮಣ್ಣಿನ ಅಂಕಣದಿಂದ ಮ್ಯಾಟ್‌ಗೆ ಬರುವ ಕಬಡ್ಡಿ ಹುಡುಗರಿಗೆ ಇನ್ನೊಂದು ಎಚ್ಚರಿಕೆ: ಮಣ್ಣಿನಲ್ಲಿ ತುಸು ಜಾರುವ ಪಾದ ಮ್ಯಾಟ್ ಮೇಲೆ ಶೂ ಸಮೇತ ಕಚ್ಚಿಕೊಳ್ಳುತ್ತದೆ. ಪಾದ ನಿಂತು ಮೈ ತಿರುಗಿದಾಗ ಪೆಟ್ಟು ಬೀಳುವುದು ಮಂಡಿಯ ಲಿಗಮೆಂಟ್‌ಗೆ. ಹೊಸ ಮ್ಯಾಟ್ ಬಂದ ಮೊದಲ ಎರಡು ಮೂರು ವಾರ ಜೋರು ಆಟ ಬೇಡ, ಕಾಲು ಅದಕ್ಕೆ ಹೊಂದಿಕೊಳ್ಳಲಿ.

ಮೈಗೆ ಹತ್ತುವ ಕಾಯಿಲೆ

ಬಿದ್ದ ಪೆಟ್ಟು ಎಲ್ಲರಿಗೂ ಕಾಣುತ್ತದೆ, ಚರ್ಮದ ಸೋಂಕು ಕಾಣುವುದಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 1989ರ ಜುಲೈನಲ್ಲಿ ಹೈಸ್ಕೂಲ್ ಕುಸ್ತಿಪಟುಗಳ ಶಿಬಿರವೊಂದು ನಡೆಯಿತು. ಅಲ್ಲಿದ್ದ 175 ಹುಡುಗರಲ್ಲಿ 60 ಮಂದಿಗೆ ಹರ್ಪಿಸ್ ವೈರಸ್ ಸೋಂಕು ತಗುಲಿ ಮುಖ, ತಲೆ, ಕುತ್ತಿಗೆಯ ಮೇಲೆ ಗುಳ್ಳೆಗಳೆದ್ದವು, ಕೆಲವರ ಕಣ್ಣಿಗೂ ತಾಗಿತು. ತನಿಖೆ ಮಾಡಿದ ವೈದ್ಯರು ಕಂಡುಕೊಂಡಂತೆ, ಗುಳ್ಳೆ ಎದ್ದವರ ಜೊತೆ ಸೆಣಸಿದ ಹುಡುಗರಿಗೇ ಸೋಂಕು ಹೆಚ್ಚು. ಅಂದರೆ ಮ್ಯಾಟ್ ಎಷ್ಟು ಒರೆಸಿದರೂ, ಗುಳ್ಳೆ ಎದ್ದ ಹುಡುಗ ಆಡುತ್ತಲೇ ಇದ್ದರೆ ಇದು ನಿಲ್ಲುವುದಿಲ್ಲ. ಅಭ್ಯಾಸಕ್ಕೆ ಮುನ್ನ ಕೋಚ್ ಎಲ್ಲರ ಮುಖ, ಕುತ್ತಿಗೆ, ತೋಳು ಒಮ್ಮೆ ನೋಡುವ ಪದ್ಧತಿ ಇಟ್ಟುಕೊಂಡರೆ ಎರಡು ನಿಮಿಷದ ಕೆಲಸ.

ನಮ್ಮ ಕಡೆ ಹೆಚ್ಚು ಕಾಣುವುದು ಹುಳುಕಡ್ಡಿ, ಅಂದರೆ ಗಜಕರ್ಣ. ಹೆಸರಲ್ಲಿ ಹುಳು ಇದ್ದರೂ ಇದು ಹುಳುವಿನಿಂದ ಬರುವುದಲ್ಲ, ಫಂಗಸ್‌ನಿಂದ ಬರುವ ಸೋಂಕು. ಬೆವರು, ಬಿಗಿ ಬಟ್ಟೆ, ಹಂಚಿಕೊಂಡ ಟವೆಲ್, ಒದ್ದೆ ಮ್ಯಾಟ್ ಎಲ್ಲವೂ ಅದಕ್ಕೆ ಅನುಕೂಲ. ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತಿದೆ. ತುರಿಕೆ ಶುರುವಾದೊಡನೆ ಹುಡುಗರು ಮೆಡಿಕಲ್ ಶಾಪಿಗೆ ಹೋಗಿ ಯಾವುದೋ ಟ್ಯೂಬ್ ತರುತ್ತಾರೆ. ಅಂಥ ಹಲವು ಟ್ಯೂಬ್‌ಗಳಲ್ಲಿ ಫಂಗಸ್ ಔಷಧದ ಜೊತೆ ಸ್ಟೆರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ, ಕೆಂಪು ಎರಡೂ ಇಳಿಯುವುದರಿಂದ 'ವಾಸಿಯಾಯ್ತು' ಅನಿಸುತ್ತದೆ. ಆದರೆ ಸ್ಟೆರಾಯ್ಡ್ ಅಲ್ಲಿನ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಫಂಗಸ್ ಒಳಗೊಳಗೇ ಹರಡುತ್ತದೆ, ಆಮೇಲೆ ಸರಿಯಾದ ಔಷಧಕ್ಕೂ ಬಗ್ಗುವುದು ಕಷ್ಟವಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲೇ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಟ್ಯೂಬ್‌ಗಳು ಕೈಗೆ ಸಿಗುತ್ತಲೇ ಇವೆ. ಚರ್ಮದ ವೈದ್ಯರಿಗೆ ತೋರಿಸಿ. ಅಮೆರಿಕದ ಕಾಲೇಜು ಕುಸ್ತಿಯ ನಿಯಮದಂತೆ, ಮೈಮೇಲಿನ ಹುಳುಕಡ್ಡಿಗೆ ಕನಿಷ್ಠ 72 ಗಂಟೆ ಚಿಕಿತ್ಸೆ ಆಗುವವರೆಗೆ ಮ್ಯಾಟ್ ಹತ್ತುವಂತಿಲ್ಲ. ನಮ್ಮ ಶಿಬಿರಗಳೂ ಇಷ್ಟನ್ನಾದರೂ ಪಾಲಿಸಬಹುದು.

'ಅದಕ್ಕೇ ಗರಡಿ ಮನೆಯ ಮಟ್ಟಿ ಮಣ್ಣೇ ಒಳ್ಳೆಯದು, ಅರಿಶಿನ, ನಿಂಬೆ, ಮಜ್ಜಿಗೆ, ತುಪ್ಪ ಬೆರೆಸಿರುತ್ತಾರೆ, ಗಾಯ ತಾನೇ ಮಾಯುತ್ತದೆ' ಎಂದು ಹೇಳುವವರಿದ್ದಾರೆ. ಗರಡಿಯ ಮೇಲೆ ನಮಗೂ ಗೌರವ ಇದೆ. ಮಣ್ಣನ್ನು ದಿನಾ ಅಗೆದು ಹದ ಮಾಡುವುದರಿಂದ ಅದು ಮೆತ್ತಗಿರುತ್ತದೆ, ಬಿದ್ದವರನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಆದರೆ ತೆರೆದ ಗಾಯಕ್ಕೆ ಮಣ್ಣು ಔಷಧವಲ್ಲ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುವುದೇ ಮಣ್ಣಿನಲ್ಲಿ, ಅರಿಶಿನ ಬೆರೆಸಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಮುಚ್ಚಬೇಕು. ಮಣ್ಣಿನಲ್ಲಿ ಆಡುವವರು ಟೆಟನಸ್ ಚುಚ್ಚುಮದ್ದನ್ನು ಹತ್ತು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿಕೊಳ್ಳಬೇಕು.

ಮ್ಯಾಟ್ ತೊಳೆಯುವ ವಿಷಯದಲ್ಲಿ ಫಿನಾಯಿಲ್ ವಾಸನೆ ಬಂದರೆ ಸ್ವಚ್ಛವಾಯಿತು ಎಂದುಕೊಳ್ಳಬೇಡಿ. ಮೊದಲು ಸೋಪು ನೀರಿನಿಂದ ಬೆವರು, ಧೂಳು ತೆಗೆಯಬೇಕು, ಕೊಳೆಯ ಮೇಲೆ ಹಾಕಿದ ಔಷಧ ಕೆಲಸ ಮಾಡುವುದಿಲ್ಲ. ಆಮೇಲೆ ಸೋಂಕುನಿವಾರಕ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮ್ಯಾಟ್ ಒದ್ದೆಯಾಗಿಯೇ ಇರಬೇಕು. ಕೆಲವಕ್ಕೆ ಇದು ಹತ್ತು ನಿಮಿಷದವರೆಗೂ ಇರುತ್ತದೆ. ಹಾಕಿದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿದರೆ ಹಾಕಿದ್ದೂ ದಂಡ. ಮನೆಬಳಕೆಯ ಶೇಕಡಾ 5ರ ಬ್ಲೀಚ್ ದ್ರಾವಣವಾದರೆ ಒಂದು ಪಾಲಿಗೆ ನೂರು ಪಾಲು ನೀರು ಸಾಕು. ಅದನ್ನು ಆಯಾ ದಿನವೇ ಬೆರೆಸಿಕೊಳ್ಳಬೇಕು, ಮ್ಯಾಟ್ ತಯಾರಕರು ಬ್ಲೀಚ್ ಹಾಕಬಹುದು ಎಂದಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಶೌಚಾಲಯಕ್ಕೆ ಹೋದ ಚಪ್ಪಲಿ ಅಥವಾ ಬರಿಗಾಲಿನಲ್ಲೇ ಮತ್ತೆ ಮ್ಯಾಟ್ ಹತ್ತುವುದನ್ನು ತಡೆಯದಿದ್ದರೆ ಈ ಎಲ್ಲ ತೊಳೆಯುವಿಕೆ ಅರ್ಧ ವ್ಯರ್ಥ.

ಹೊಸ ಫೋಮ್ ಮ್ಯಾಟ್‌ನ ವಾಸನೆಯಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಕೆಲವರು ಕೇಳಿದ್ದಾರೆ. ಈ ಭಯಕ್ಕೆ ಒಂದು ಹಿನ್ನೆಲೆ ಇದೆ. ಫೋಮ್‌ನಿಂದ ಹೊರಬರುವ ಫಾರ್ಮಮೈಡ್ ಎಂಬ ರಾಸಾಯನಿಕದ ಕಾರಣಕ್ಕೆ 2010ರಲ್ಲಿ ಬೆಲ್ಜಿಯಂ ದೇಶ ಮಕ್ಕಳ ಪಜಲ್ ಮ್ಯಾಟ್‌ಗಳನ್ನು ಮಾರುಕಟ್ಟೆಯಿಂದ ತೆಗೆಸಿತ್ತು. ಅದು ಸಂತಾನಶಕ್ತಿಗೆ, ಗರ್ಭದಲ್ಲಿನ ಮಗುವಿಗೆ ಹಾನಿ ಮಾಡಬಹುದು ಎಂಬುದು ಅಲ್ಲಿನ ಆತಂಕವಾಗಿತ್ತು, ಕ್ಯಾನ್ಸರ್ ಅಲ್ಲ. ಆಮೇಲೆ ಯುರೋಪ್ ಒಕ್ಕೂಟ ಆಟಿಕೆ ಫೋಮ್‌ಗಳಿಗೆ ಮಿತಿ ನಿಗದಿ ಮಾಡಿತು. ಪ್ಯಾಕ್ ಒಡೆದ ಮ್ಯಾಟನ್ನು ಗಾಳಿಯಾಡುವ ಕಡೆ ಕೆಲವು ದಿನ ಬಿಚ್ಚಿಟ್ಟು ಆಮೇಲೆ ಬಳಸಿ, ಸಾಕು.

ಮ್ಯಾಟ್‌ನಿಂದ ಐಸ್ ಟಬ್‌ಗೆ ಹೋಗುವ ದಾರಿಯಲ್ಲೇ ಇನ್ನೊಂದು ಘಟನೆ ಇದೆ. ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಫುಟ್‌ಬಾಲ್ ತಂಡದ 58 ಆಟಗಾರರಲ್ಲಿ ಐವರಿಗೆ 2003ರ ಋತುವಿನಲ್ಲಿ ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಸ್ಟಫೈಲೊಕಾಕಸ್ ಸೋಂಕು ತಗುಲಿತು. ಅಷ್ಟೂ ಸೋಂಕು ಶುರುವಾಗಿದ್ದು ಕೃತಕ ಹುಲ್ಲಿನ ಮೇಲೆ ಬಿದ್ದು ತರಚಿದ ಜಾಗದಲ್ಲೇ. ತನಿಖೆಯಲ್ಲಿ ತಿಳಿದದ್ದು: ಟವೆಲ್ ಹಂಚಿಕೊಳ್ಳುತ್ತಿದ್ದರು, ಎಲ್ಲರೂ ಬಳಸುವ ನೀರಿನ ಟಬ್‌ಗೆ ಸ್ನಾನ ಮಾಡದೆಯೇ ಇಳಿಯುತ್ತಿದ್ದರು, ಆ ಟಬ್‌ನಲ್ಲೂ ಸ್ಟಫೈಲೊಕಾಕಸ್ ಸಿಕ್ಕಿತು. ಕೋಟಿಗಟ್ಟಲೆ ಹಣವಿರುವ ತಂಡದ ಕಥೆ ಇದು. ಹತ್ತು ಹುಡುಗರು ಸರದಿಯಲ್ಲಿ ಇಳಿಯುವ ಒಂದು ಡ್ರಮ್ಮಿನ ನೀರು ಹೇಗಿರಬಹುದು ಎಂದು ನೀವೇ ಯೋಚಿಸಿ.

ಐಸ್ ಬಾತ್: ಏನು ನಿಜ?

ತಣ್ಣೀರಿನಲ್ಲಿ ಕೂತರೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ನೋವನ್ನು ಸಾಗಿಸುವ ನರಗಳು ನಿಧಾನವಾಗುತ್ತವೆ. ಹಾಗಾಗಿ ನೋವು ಕಡಿಮೆ ಅನಿಸುವುದು ಸುಳ್ಳಲ್ಲ. 2012ರ ಕಾಕ್ರೇನ್ ವಿಮರ್ಶೆ 17 ಸಣ್ಣ ಪ್ರಯೋಗಗಳನ್ನು, ಒಟ್ಟು 366 ಜನರನ್ನು ಪರಿಶೀಲಿಸಿತು. ಸುಮ್ಮನೆ ವಿಶ್ರಾಂತಿ ಪಡೆದವರಿಗಿಂತ ತಣ್ಣೀರಿನಲ್ಲಿ ಕೂತವರಿಗೆ ಮರುದಿನಗಳ ಮೈನೋವು ಕಡಿಮೆ ಎಂದು ಅದು ಹೇಳಿತು. ಈ ಪ್ರಯೋಗಗಳಲ್ಲಿ ಹೆಚ್ಚಿನವು ಅಡ್ಡಪರಿಣಾಮಗಳ ಮೇಲೆ ಸರಿಯಾಗಿ ಕಣ್ಣಿಟ್ಟಿರಲಿಲ್ಲ ಎಂದೂ ಹೇಳಿತು. ಫಾರ್ವರ್ಡ್‌ಗಳಲ್ಲಿ ಈ ಎರಡನೇ ವಾಕ್ಯ ಇರುವುದಿಲ್ಲ.

ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮಗೆ ಬಹಳ ಹಿಡಿಸಿತು. 30 ಯುವಕರಿಂದ ಸುಸ್ತಾಗುವಂತೆ ವ್ಯಾಯಾಮ ಮಾಡಿಸಿ ಮೂರು ಗುಂಪು ಮಾಡಿದರು. ಒಂದು ಗುಂಪು 10 ಡಿಗ್ರಿಯ ತಣ್ಣೀರಿನಲ್ಲಿ, ಇನ್ನೊಂದು ಬೆಚ್ಚಗಿನ ನೀರಿನಲ್ಲಿ, ಮೂರನೆಯದೂ ಬೆಚ್ಚಗಿನ ನೀರಿನಲ್ಲೇ ಕೂತಿತು. ಆದರೆ ಮೂರನೇ ಗುಂಪಿನ ನೀರಿಗೆ ಒಂದು ದ್ರವ ಬೆರೆಸಿ 'ಇದು ಚೇತರಿಕೆಗೆ ವಿಶೇಷ ಎಣ್ಣೆ' ಎಂದು ನಂಬಿಸಿದರು. ಅದು ಮೈ ತೊಳೆಯುವ ಸೋಪಿನ ದ್ರವ ಅಷ್ಟೇ. ಕಾಲಿನ ಶಕ್ತಿ ಮರಳುವುದರಲ್ಲಿ ಸೋಪಿನ ಗುಂಪು ತಣ್ಣೀರಿನ ಗುಂಪಿಗೆ ಸರಿಸಾಟಿಯಾಗಿತ್ತು. ಐಸ್ ಬಾತ್‌ನ ಲಾಭದಲ್ಲಿ ಒಂದು ಪಾಲಾದರೂ ನಂಬಿಕೆಯದು.

'ಲ್ಯಾಕ್ಟಿಕ್ ಆಸಿಡ್ ಹೊರಹಾಕುತ್ತದೆ' ಎಂಬ ಮಾತು ಬಿಟ್ಟುಬಿಡಿ. ವ್ಯಾಯಾಮ ನಿಲ್ಲಿಸಿದ ಒಂದು ಗಂಟೆಯ ಆಸುಪಾಸಿನಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ಮರುದಿನ, ಮೂರನೇ ದಿನ ಮೆಟ್ಟಿಲು ಇಳಿಯುವಾಗ ಬರುವ ನೋವಿಗೆ ಕಾರಣ ಅದಲ್ಲ, ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಹಾನಿ.

ಜಿಮ್‌ಗೆ ಹೋಗುವ ಹುಡುಗರು ತಿಳಿಯಬೇಕಾದದ್ದು ಇನ್ನೊಂದಿದೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 21 ಪುರುಷರು 12 ವಾರ ತೂಕ ಎತ್ತುವ ವ್ಯಾಯಾಮ ಮಾಡಿದರು. ಪ್ರತಿ ಸಲ 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತವರಲ್ಲಿ ಸ್ನಾಯು ಬೆಳೆದದ್ದೂ ಶಕ್ತಿ ಹೆಚ್ಚಿದ್ದೂ ಕಡಿಮೆ. ಹಗುರವಾಗಿ ಸೈಕಲ್ ತುಳಿದು ಮೈ ಸಡಿಲಿಸಿಕೊಂಡವರಲ್ಲಿ ಹೆಚ್ಚು. ಸ್ನಾಯು ಬೆಳೆಯಬೇಕು ಎನ್ನುವವರು ದಿನಾ ಐಸ್‌ನಲ್ಲಿ ಕೂತರೆ ಪಟ್ಟ ಶ್ರಮವನ್ನು ತಾವೇ ಸ್ವಲ್ಪ ಅಳಿಸಿದಂತೆ. ಒಂದೇ ದಿನ ಎರಡು ಮೂರು ಪಂದ್ಯ ಇರುವ ಟೂರ್ನಮೆಂಟ್‌ನಲ್ಲಿ ಐಸ್ ಬಾತ್‌ಗೆ ಅರ್ಥವಿದೆ. ವರ್ಷವಿಡೀ ದಿನಚರಿ ಮಾಡಿಕೊಳ್ಳಲು ಕಾರಣ ನಮಗೆ ಕಾಣುತ್ತಿಲ್ಲ.

ಅಪಾಯ ಇರುವುದು ಮೊದಲ ನಿಮಿಷದಲ್ಲಿ

'ಜಾಸ್ತಿ ಹೊತ್ತು ಕೂತರೆ ಮೈ ಹೆಪ್ಪುಗಟ್ಟುತ್ತದೆ' ಎಂದೇ ಎಲ್ಲರ ಹೆದರಿಕೆ. ನಿಜವಾದ ಗಂಡಾಂತರ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಚರ್ಮ ತಟ್ಟನೆ ತಣ್ಣಗಾದಾಗ ಬಾಯಿ ತಾನಾಗಿ ತೆರೆದು ದೊಡ್ಡ ಉಸಿರೊಂದು ಒಳನುಗ್ಗುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಆಮೇಲೆ ಉಸಿರು ಏದುಸಿರಾಗುತ್ತದೆ, ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಮೊದಲ ಅರ್ಧ ನಿಮಿಷದಲ್ಲಿ ಇದರ ಜೋರು ಹೆಚ್ಚು, ಎರಡು ಮೂರು ನಿಮಿಷದಲ್ಲಿ ತಗ್ಗುತ್ತದೆ. ಆ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ಒಂದೇ ಉಸಿರಿಗೆ ನೀರು ಶ್ವಾಸಕೋಶ ಸೇರುತ್ತದೆ. ಮುಖವನ್ನೂ ಮುಳುಗಿಸಿ ಉಸಿರು ಕಟ್ಟಿದರೆ ಇನ್ನೊಂದು ತೊಡಕು: ಚಳಿಯ ಆಘಾತ ಹೃದಯಕ್ಕೆ 'ಓಡು' ಎನ್ನುತ್ತದೆ, ಮುಖ ಮುಳುಗಿಸಿದ್ದು 'ನಿಧಾನಿಸು' ಎನ್ನುತ್ತದೆ. ಈ ಎರಡು ಆಜ್ಞೆಗಳ ನಡುವೆ ಹೃದಯದ ಲಯ ತಪ್ಪಬಹುದು. ರೀಲ್ಸ್‌ನಲ್ಲಿ ಕಾಣುವ ವ್ಯಕ್ತಿ ಐವತ್ತನೇ ಸಲ ಇಳಿಯುತ್ತಿರುತ್ತಾನೆ, ಅವನ ಮೈಗೆ ಅಭ್ಯಾಸವಾಗಿರುತ್ತದೆ. ನಿಮ್ಮದು ಮೊದಲನೆಯದು.

ಹಾಗಾಗಿ ಜಿಗಿಯುವುದು ಬೇಡ, ತಲೆ ಮುಳುಗಿಸುವುದು ಬೇಡ. ಮೊದಲು ಕಾಲು, ಆಮೇಲೆ ಸೊಂಟ, ಉಸಿರು ಹತೋಟಿಗೆ ಬಂದ ಮೇಲೆ ಎದೆ. ನೀರಿಗಿಳಿಯುವ ಮುನ್ನ ಜೋರಾಗಿ ಉಸಿರಾಡಿ ಉಸಿರು ಕಟ್ಟುವ ವ್ಯಾಯಾಮವಂತೂ ಪ್ರಾಣಾಂತಿಕ, ನೀರಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಆ ಉಸಿರಾಟವನ್ನು ಜನಪ್ರಿಯಗೊಳಿಸಿದ ವಿಮ್ ಹಾಫ್ ಅವರ ಸೂಚನೆಗಳಲ್ಲೇ ನೀರಿನಲ್ಲಿ ಇದನ್ನು ಮಾಡಬಾರದು ಎಂದಿದೆ.

ನೀರು 10ರಿಂದ 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಹೊಸಬರಿಗೆ 15 ಡಿಗ್ರಿಯಲ್ಲಿ ಎರಡು ಮೂರು ನಿಮಿಷ, ಅಭ್ಯಾಸ ಇದ್ದವರಿಗೂ ಹತ್ತು ನಿಮಿಷದ ಆಸುಪಾಸು. ಮೇಲೆ ಐಸ್ ತೇಲುತ್ತಿರಲೇಬೇಕು ಎಂದೇನೂ ಇಲ್ಲ. ತೇಲುತ್ತಲೇ ಇದ್ದರೆ ನೀರು ಸೊನ್ನೆ ಡಿಗ್ರಿಯತ್ತ ಹೋಗುತ್ತಿದೆ ಎಂದರ್ಥ. ಲೆಕ್ಕ ಹಾಕಿ ನೋಡಿದೆವು: 25 ಡಿಗ್ರಿಯ 100 ಲೀಟರ್ ನಲ್ಲಿ ನೀರನ್ನು 12 ಡಿಗ್ರಿಗೆ ಇಳಿಸಲು ಸುಮಾರು 14 ಕೆಜಿ ಐಸ್ ಬೇಕು. ಸುತ್ತಲಿನ ಬಿಸಿ ಸೇರಿದರೆ ಇನ್ನೆರಡು ಕೆಜಿ. ಫ್ರಿಜ್‌ನ ಎರಡು ಟ್ರೇ ಐಸ್ ಹಾಕಿ ಸಾಹಸ ಮಾಡಿದೆ ಎನ್ನುವವರೂ, ಡ್ರಮ್ಮಿನ ಅರ್ಧಕ್ಕೆ ಐಸ್ ತುಂಬುವವರೂ ಇಬ್ಬರೂ ಅಳೆದಿರುವುದಿಲ್ಲ. ಒಂದು ಥರ್ಮಾಮೀಟರ್ ನೀರಿನಲ್ಲಿ ಬಿಡಿ, ಕೈಯಾಡಿಸಿ ಕಲಕಿ ನೋಡಿ.

ನೀಲಿ ಡ್ರಮ್ಮಿನ ಬಗ್ಗೆ ನಮಗೆ ವಿಶೇಷ ತಕರಾರು ಇದೆ. ಕಿರಿದು, ಎತ್ತರ. ಹತ್ತು ನಿಮಿಷ ಕೂತು ಮರಗಟ್ಟಿದ ಕಾಲಲ್ಲಿ ಅದರಿಂದ ಏಳುವುದೇ ಕಷ್ಟ, ಏಳಲು ಅಂಚು ಹಿಡಿದರೆ ಡ್ರಮ್ಮೇ ಮಗುಚುತ್ತದೆ. ಅಗಲವಾದ, ಮಂಡಿ ಎತ್ತರದ ಟಬ್ ಬಳಸಿ. ಪಕ್ಕದಲ್ಲಿ ಒಬ್ಬರು ಮೊಬೈಲ್ ನೋಡದೆ ನಿಂತಿರಲಿ, ಕೂತವರೊಡನೆ ಮಾತಾಡಿಸುತ್ತಿರಲಿ. ಮಾತು ತೊದಲಿದರೆ, ನಡುಕ ನಿಲ್ಲದಿದ್ದರೆ, ತುಟಿ ನೀಲಿಗಟ್ಟಿದರೆ ಹೊರಗೆ ಕರೆತನ್ನಿ. ಎದ್ದ ತಕ್ಷಣ ತಲೆ ಸುತ್ತಬಹುದು, ಸ್ವಲ್ಪ ಹೊತ್ತು ಕೂತು, ಒರೆಸಿಕೊಂಡು, ಒಣಬಟ್ಟೆ ಹಾಕಿಕೊಳ್ಳಲಿ. ಕೂಡಲೇ ಬಿಸಿಬಿಸಿ ನೀರಿನ ಸ್ನಾನ ಬೇಡ. ನೀರು ತಣ್ಣಗಾಗಿಸುವ ಮೋಟಾರು ಯಂತ್ರ ಇದ್ದರೆ ಅದಕ್ಕೆ ಅರ್ಥಿಂಗ್ ಮತ್ತು ಸೋರಿಕೆಯಾದರೆ ತಾನೇ ಆಫ್ ಆಗುವ ಸ್ವಿಚ್ ಕಡ್ಡಾಯ.

ಐಸ್ ಫ್ಯಾಕ್ಟರಿಯಿಂದ ತರುವ ದಿಮ್ಮಿಗಳ ಬಗ್ಗೆಯೂ ಒಂದು ಮಾತು. ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಬೆರೆಸಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿದೆ. ಮೀನು ಕೆಡದಂತೆ ಇಡಲು ಬಳಸುವ ಐಸ್ ಅದು. ಟಬ್‌ಗೆ ತಂದ ಐಸ್‌ನ ಚೂರನ್ನು ಜ್ಯೂಸ್‌ಗೆ ಹಾಕಬೇಡಿ, ಆ ನೀರು ಬಾಯಿಗೆ ಹೋಗದಿರಲಿ. ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ, ಗಾಯ ಅಥವಾ ಹುಳುಕಡ್ಡಿ ಇದ್ದವರು ಇಳಿಯುವಂತಿಲ್ಲ, ದಿನಾ ನೀರು ಬದಲಿಸಬೇಕು.

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಮೂರ್ಛೆ ರೋಗ, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು, ಚಳಿಗೆ ಬೆರಳು ಬೆಳ್ಳಗಾಗುವುದು ಅಥವಾ ಮೈಯೆಲ್ಲ ದದ್ದು ಏಳುವುದು ಇದ್ದವರಿಗೂ ಗರ್ಭಿಣಿಯರಿಗೂ ಇದು ಬೇಡ, ವೈದ್ಯರು ಒಪ್ಪಿದ ಹೊರತು. ಮದ್ಯ ಸೇವಿಸಿದವರಿಗೆ ಯಾವತ್ತೂ ಬೇಡ. ಮಕ್ಕಳನ್ನು ರೀಲ್ಸ್‌ಗಾಗಿ ಕೂರಿಸುವುದನ್ನು ನಾವು ಸಾಹಸ ಎನ್ನಲಾರೆವು.

ಐಸ್ ನೀರು ಜೀವ ಉಳಿಸುವ ಒಂದು ಸಂದರ್ಭ

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ, ಹಿಂಜರಿಯದೆ ಐಸ್ ನೀರು ಬಳಸಲೇಬೇಕಾದ ಸಂದರ್ಭಕ್ಕೆ ಬರೋಣ. ಬಿಸಿಲಲ್ಲಿ ಓಡುತ್ತಿದ್ದ, ಕಬಡ್ಡಿ ಆಡುತ್ತಿದ್ದ ಹುಡುಗ ತಟ್ಟನೆ ತೂರಾಡುತ್ತಾನೆ, ಅರ್ಥವಿಲ್ಲದ ಮಾತಾಡುತ್ತಾನೆ, ಸಿಟ್ಟಾಗುತ್ತಾನೆ, ಕುಸಿಯುತ್ತಾನೆ. ಇದು ಶ್ರಮದಿಂದ ಬರುವ ಹೀಟ್ ಸ್ಟ್ರೋಕ್ ಇರಬಹುದು. ದೇಹದೊಳಗಿನ ತಾಪ 40 ಡಿಗ್ರಿ ದಾಟಿ ಮಿದುಳು, ಯಕೃತ್ತು, ಮೂತ್ರಪಿಂಡಗಳು ಹಾಳಾಗತೊಡಗಿರುತ್ತವೆ. 'ಬೆವರುತ್ತಿದ್ದಾನೆ, ಹಾಗಾಗಿ ಹೀಟ್ ಸ್ಟ್ರೋಕ್ ಅಲ್ಲ' ಎನ್ನುವುದು ತಪ್ಪು. ಆಟಗಾರರಲ್ಲಿ ಮೈ ಬೆವರಿನಿಂದ ತೊಯ್ದಿರುತ್ತದೆ. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ಒಳಗಿನ ತಾಪವನ್ನು ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಇಂಥವರನ್ನು ಅರ್ಧ ಗಂಟೆಯೊಳಗೆ 39 ಡಿಗ್ರಿಗೆ ಇಳಿಸಬೇಕು. ಅದಕ್ಕೆ ತಣ್ಣೀರಿನಲ್ಲಿ ಮುಳುಗಿಸುವುದಕ್ಕಿಂತ ಬೇಗನೆ ಕೆಲಸ ಮಾಡುವ ದಾರಿ ಮೈದಾನದಲ್ಲಿ ಇನ್ನೊಂದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಫಾಲ್ಮತ್ ಎಂಬ ಊರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಓಟದ ಸ್ಪರ್ಧೆ ನಡೆಯುತ್ತದೆ. ಅಲ್ಲಿ 18 ವರ್ಷಗಳಲ್ಲಿ 274 ಮಂದಿಗೆ ಹೀಟ್ ಸ್ಟ್ರೋಕ್ ಆಗಿತ್ತು. ವೈದ್ಯಕೀಯ ಟೆಂಟ್‌ನಲ್ಲೇ ಐಸ್ ನೀರಿನ ಟಬ್‌ಗಳಿದ್ದವು. 274 ಮಂದಿಯೂ ಬದುಕಿದರು. 'ರಕ್ತನಾಳ ಒಡೆಯುತ್ತದೆ' ಎಂಬ ಫಾರ್ವರ್ಡ್‌ಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಮೇಲೆ ಹೇಳಿದ ಚಳಿಯ ಆಘಾತ ಇಲ್ಲಿಯೂ ಇದೆ, ಆದರೆ 41 ಡಿಗ್ರಿಯಲ್ಲಿ ಬೇಯುತ್ತಿರುವ ದೇಹಕ್ಕೆ ತಡ ಮಾಡುವುದೇ ಹೆಚ್ಚಿನ ಅಪಾಯ.

ನಮ್ಮ ಊರುಗಳ ಮೈದಾನದಲ್ಲಿ ಟಬ್ ಇರುವುದಿಲ್ಲ ನಿಜ. ಟಾರ್ಪಾಲಿನ್ ಇರುತ್ತದೆ, ಕೆಲವೆಡೆ ತಾಡಪತ್ರಿ ಎನ್ನುತ್ತಾರೆ. ನೆರಳಿನಲ್ಲಿ ಅದನ್ನು ಹಾಸಿ, ಹುಡುಗನ ಶೂ, ಹೆಚ್ಚಿನ ಬಟ್ಟೆ ತೆಗೆದು ಮಲಗಿಸಿ. ಐದಾರು ಜನ ಅಂಚುಗಳನ್ನು ಎತ್ತಿ ಹಿಡಿದು ತೊಟ್ಟಿಲಿನಂತೆ ಮಾಡಿ, ನೀರು ಮತ್ತು ಇರುವಷ್ಟು ಐಸ್ ಸುರಿಯಿರಿ, ಅತ್ತಿತ್ತ ಅಲುಗಾಡಿಸುತ್ತಿರಿ. ಒಬ್ಬರು ತಲೆಯ ಕಡೆ ಕೂತು ಮುಖ ನೀರಿನಿಂದ ಮೇಲಿರುವಂತೆ ಹಿಡಿದಿರಬೇಕು, ಉಸಿರಾಟ ಗಮನಿಸುತ್ತಿರಬೇಕು. ಐಸ್ ಇಲ್ಲದಿದ್ದರೆ ಬೋರ್‌ವೆಲ್ ನೀರೇ ಆಗಲಿ, ಸುರಿಯುತ್ತಲೇ ಗಾಳಿ ಹಾಕಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ತಂಪು ಮಾಡುವುದನ್ನು ನಿಲ್ಲಿಸಬಾರದು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುವ ಆ ಇಪ್ಪತ್ತು ಮೂವತ್ತು ನಿಮಿಷದಲ್ಲೇ ಅಂಗಾಂಗಗಳು ಕೆಡುತ್ತವೆ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಗ್ಲೂಕೋಸ್ ಹಾಕಬೇಡಿ. ಹುಡುಗ ನಡುಗಲು ಶುರುಮಾಡಿ, ಹೆಸರು, ಊರು ಕೇಳಿದರೆ ಸರಿಯಾಗಿ ಹೇಳತೊಡಗಿದ ಮೇಲೆ ನೀರಿನಿಂದ ತೆಗೆದು ಒರೆಸಬಹುದು. ಆಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಹೊನಲು ಬೆಳಕಿನ ಪಂದ್ಯವಾಗಲಿ, ಪೊಲೀಸ್ ನೇಮಕಾತಿಗೆ ಓಟದ ಅಭ್ಯಾಸವಾಗಲಿ ನಡೆಸುವವರು ಕುಡಿಯುವ ನೀರಿನ ಕ್ಯಾನ್ ಜೊತೆಗೆ ಒಂದು ಟಾರ್ಪಾಲಿನ್, ನಾಲ್ಕು ಬಕೆಟ್, ಥರ್ಮೋಕೋಲ್ ಪೆಟ್ಟಿಗೆಯಲ್ಲಿ 20 ಕೆಜಿ ಐಸ್ ಇಟ್ಟುಕೊಳ್ಳಿ. ಹುಡುಗ ಬಿದ್ದಾಗ ಯಾರು ತಲೆ ಹಿಡಿಯುವುದು, ಯಾರು ಫೋನ್ ಮಾಡುವುದು ಎಂಬುದನ್ನು ಪಂದ್ಯ ಶುರುವಾಗುವ ಮೊದಲೇ ಹೆಸರು ಹಿಡಿದು ಹೇಳಿಬಿಡಿ.